ಮಾಲೀಕನ ಮಾತಿಗೆ ಅಂಗಡಿಯ ಲೈಸೆನ್ಸ್ ಕಿತ್ತುಕೊಳ್ಳಬೇಡಿ: ಸಹಿ ಹಾಕುವ ಅಧಿಕಾರ ಇರುವವರಿಗೊಂದು ಬಹಿರಂಗ ಪತ್ರ

ಲೈಸೆನ್ಸ್ ಕೊಡುವ, ತಡೆಹಿಡಿಯುವ, ರದ್ದು ಮಾಡುವ ಅಧಿಕಾರ ಇರುವ ಎಲ್ಲ ಮೇಯರ್‌ಗಳಿಗೆ, ಆಯುಕ್ತರಿಗೆ, ಮಂತ್ರಿಗಳಿಗೆ,

ನಮಸ್ಕಾರ.

ಯಾವುದೋ ಕಂಪನಿಯ ಮಾಲೀಕ ಒಂದು ಸಂದರ್ಶನದಲ್ಲಿ ಅಸಹ್ಯವಾದ ಮಾತಾಡುತ್ತಾನೆ. ಒಂದು ಸಮುದಾಯವನ್ನೇ ಹೀಯಾಳಿಸುತ್ತಾನೆ. ಮಾರನೇ ದಿನದಿಂದಲೇ ನಿಮ್ಮ ಕಚೇರಿಗೆ ದೂರಿನ ಮೇಲೆ ದೂರು ಬರುತ್ತದೆ. "ಇಂಥವನಿಗೆ ಅನುಮತಿ ಯಾಕೆ ಕೊಟ್ಟಿದ್ದೀರಿ? ಮುಚ್ಚಿಸಿ" ಅನ್ನುತ್ತಾರೆ ಜನ. ನಿಮಗೂ ಸಿಟ್ಟು ಬಂದಿರುತ್ತದೆ. ಯಾರೋ ಮೈಕ್ ಹಿಡಿಯುತ್ತಾರೆ. "ಇಂಥವರಿಗೆ ನಮ್ಮ ಊರಲ್ಲಿ ಜಾಗವಿಲ್ಲ, ಲೈಸೆನ್ಸ್ ಹೇಗೆ ತಗೊಳ್ತಾರೋ ನೋಡ್ತೀನಿ" ಅಂದುಬಿಡುತ್ತೀರಿ.

ಈ ವಾಕ್ಯದ ಮೊದಲ ಅರ್ಧಕ್ಕೆ ನನ್ನ ತಕರಾರಿಲ್ಲ. ಎರಡನೇ ಅರ್ಧದ ಬಗ್ಗೆ ಈ ಪತ್ರ.

ನಾನು ಯಾರ ಪರ ಅಂತ ಮೊದಲೇ ಹೇಳಿಬಿಡುತ್ತೇನೆ. ಜನರನ್ನು ಜಾತಿ, ಬಣ್ಣ, ಧರ್ಮ, ಪ್ರೀತಿ ಇವುಗಳ ಲೆಕ್ಕದಲ್ಲಿ ಕೀಳಾಗಿ ಕಾಣುವ ಮಾಲೀಕರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರ ಅಂಗಡಿಗೆ ನಾನು ಕಾಲಿಡುವುದಿಲ್ಲ. ಪರಿಚಯದವರಿಗೂ ಹೋಗಬೇಡಿ ಅನ್ನುತ್ತೇನೆ. ಅಂಥ ಮಾತುಗಳಿಂದ ನಿಜವಾಗಿ ನೋಯುವವರು ನನ್ನ ಆಪ್ತರಲ್ಲೇ ಇದ್ದಾರೆ. ಹಾಗಾಗಿ ಆ ಮಾಲೀಕರಿಗೆ ರಕ್ಷಣೆ ಕೊಡಿಸಲು ನಾನಿದನ್ನು ಬರೆಯುತ್ತಿಲ್ಲ. ನಿಮ್ಮ ಕೈಯಲ್ಲಿರುವ ಅಧಿಕಾರ ಎಂಥದ್ದು, ಅದು ನಾಳೆ ಯಾರ ಮೇಲೆ ತಿರುಗಬಹುದು ಅನ್ನುವ ಭಯದಿಂದ ಬರೆಯುತ್ತಿದ್ದೇನೆ.

2012ರ ಜುಲೈನಲ್ಲಿ ಅಮೆರಿಕದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಚಿಕ್-ಫಿಲ್-ಎ ಎಂಬ ದೊಡ್ಡ ರೆಸ್ಟೋರೆಂಟ್ ಸರಣಿಯ ಮುಖ್ಯಸ್ಥ ಡ್ಯಾನ್ ಕ್ಯಾಥಿ, ಗಂಡು ಹೆಣ್ಣಿನ ನಡುವಿನ ಮದುವೆ ಮಾತ್ರ ಮದುವೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಸಲಿಂಗಿಗಳ ಮದುವೆಯನ್ನು ವಿರೋಧಿಸುವ ಸಂಸ್ಥೆಗಳಿಗೆ ಆ ಕುಟುಂಬದ ಪ್ರತಿಷ್ಠಾನದಿಂದ ಹಣ ಹೋಗುತ್ತಿದ್ದದ್ದೂ ಗುಟ್ಟಾಗಿರಲಿಲ್ಲ. ಬಾಸ್ಟನ್‌ನ ಮೇಯರ್ ಥಾಮಸ್ ಮೆನಿನೊ ಕಂಪನಿಗೆ ಪತ್ರ ಬರೆದು, ನಮ್ಮ ನಗರಕ್ಕೆ ಬರುವ ಯೋಚನೆ ಬಿಟ್ಟುಬಿಡಿ ಅಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಲೈಸೆನ್ಸ್ ಸಿಗುವುದು ಬಹಳ ಕಷ್ಟವಾಗುತ್ತದೆ ಎಂದು ಪತ್ರಿಕೆಯೊಂದಕ್ಕೆ ಹೇಳಿದರು. ಷಿಕಾಗೋದಲ್ಲಿ ವಾರ್ಡ್ ಪ್ರತಿನಿಧಿಯೊಬ್ಬರು ತಮ್ಮ ವಾರ್ಡಿನಲ್ಲಿ ಹೊಸ ಮಳಿಗೆಗೆ ಅಡ್ಡಗಾಲು ಹಾಕುವುದಾಗಿ ಘೋಷಿಸಿದರು.

ಆಗ ಎದ್ದು ನಿಂತು ಇದು ತಪ್ಪು ಅಂದವರು ಯಾರು ಗೊತ್ತಾ? ಸಲಿಂಗಿಗಳ ಹಕ್ಕಿಗಾಗಿ ಕೋರ್ಟುಗಳಲ್ಲಿ ಹೋರಾಡುತ್ತಿದ್ದ ಎಸಿಎಲ್‌ಯು ಎಂಬ ನಾಗರಿಕ ಸ್ವಾತಂತ್ರ್ಯ ಸಂಸ್ಥೆಯ ಇಲಿನಾಯ್ ಘಟಕದವರು. ನ್ಯೂಯಾರ್ಕ್ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕೂಡ ಸಲಿಂಗ ವಿವಾಹದ ಗಟ್ಟಿ ಬೆಂಬಲಿಗರು. ಪರ್ಮಿಟ್ ಕೊಡುವ ಮುಂಚೆ ಒಬ್ಬನ ರಾಜಕೀಯ ನಂಬಿಕೆ, ಧರ್ಮದ ನಂಬಿಕೆ ಕೇಳುವುದು ಸರ್ಕಾರದ ಕೆಲಸವಲ್ಲ ಎಂದು ಅವರು ನೇರವಾಗಿ ಹೇಳಿದರು. ಮೆನಿನೊ ಕೂಡ ಕೆಲವೇ ದಿನಗಳಲ್ಲಿ ಹಿಂದೆ ಸರಿದು, ಕಂಪನಿಯನ್ನು ತಡೆಯುವ ಅಧಿಕಾರ ತಮಗಿಲ್ಲ ಎಂದು ಒಪ್ಪಿಕೊಂಡರು.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಆಗಸ್ಟ್ 1ರಂದು ಕಂಪನಿಗೆ ಬೆಂಬಲ ತೋರಿಸಲು ಜನ ದೇಶದುದ್ದಕ್ಕೂ ಅದರ ಮಳಿಗೆಗಳ ಮುಂದೆ ಸಾಲುಗಟ್ಟಿ ನಿಂತರು. ಅಂದು ದಾಖಲೆಯ ವ್ಯಾಪಾರ ಆಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಚರ್ಚೆ ಆಗಬೇಕಿದ್ದದ್ದು ಮದುವೆಯ ಹಕ್ಕು ಕಳೆದುಕೊಂಡಿದ್ದ ಜೋಡಿಗಳ ಬಗ್ಗೆ. ಆದದ್ದು ಒಬ್ಬ ಶ್ರೀಮಂತ ಮಾಲೀಕನ ವಾಕ್ ಸ್ವಾತಂತ್ರ್ಯದ ಬಗ್ಗೆ. ನೊಂದವರ ಜಾಗದಲ್ಲಿ ಮಾಲೀಕನೇ ಬಂದು ಕೂತ. ಅಧಿಕಾರದಲ್ಲಿ ಇದ್ದವರ ಬೆದರಿಕೆಯೇ ಅವನಿಗೆ ಆ ಜಾಗ ಮಾಡಿಕೊಟ್ಟಿತು. ಇದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಇದು ಬರೀ ಮಾತಿನಲ್ಲೇ ಮುಗಿದ ಬೆದರಿಕೆ. ಬೆದರಿಕೆ ನಿಜವಾದರೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಇನ್ನೂ ಹಿಂದೆ, ಕೆನಡಾದ ಮಾಂಟ್ರಿಯಲ್‌ಗೆ ಹೋಗಬೇಕು.

1946. ಫ್ರಾಂಕ್ ರಾಂಕರೆಲಿ ಎಂಬಾತ ಅಲ್ಲಿ ರೆಸ್ಟೋರೆಂಟ್ ನಡೆಸುತ್ತಿದ್ದ. ಅದಕ್ಕೆ ಮದ್ಯದ ಲೈಸೆನ್ಸ್ ಇತ್ತು. ಅವನ ಕುಟುಂಬದ ಕೈಯಲ್ಲಿ ಆ ಲೈಸೆನ್ಸ್ 34 ವರ್ಷದಿಂದ ಇತ್ತು. ಈತ ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದವನು. ಆ ಪಂಥದವರು ಬೀದಿ ಬೀದಿಯಲ್ಲಿ ಕರಪತ್ರ ಹಂಚುತ್ತಿದ್ದರು. ಕರಪತ್ರಗಳಲ್ಲಿ ಕ್ಯಾಥೊಲಿಕ್ ಚರ್ಚಿನ ಮೇಲೆ, ಕ್ವಿಬೆಕ್ ಪ್ರಾಂತ್ಯದ ಆಡಳಿತದ ಮೇಲೆ ಬಿರುಸಾದ ದಾಳಿ ಇರುತ್ತಿತ್ತು. ಆ ಪ್ರಾಂತ್ಯದಲ್ಲಿ ಬಹುಪಾಲು ಜನ ಕ್ಯಾಥೊಲಿಕ್ಕರು. ಅವರಿಗೆ ಇದು ಎಷ್ಟು ನೋವು ಕೊಟ್ಟಿರಬೇಕು ಅಂತ ಯಾರಾದರೂ ಊಹಿಸಬಹುದು. ಕರಪತ್ರ ಹಂಚಿದವರನ್ನು ಪೊಲೀಸರು ನೂರಾರು ಸಂಖ್ಯೆಯಲ್ಲಿ ಹಿಡಿದು ಒಳಗೆ ಹಾಕಿದರು. ರಾಂಕರೆಲಿ ಕೋರ್ಟಿಗೆ ಹೋಗಿ, ತನ್ನ ಆಸ್ತಿಯನ್ನು ಭದ್ರತೆಯಾಗಿ ತೋರಿಸಿ, ಸುಮಾರು 380 ಪ್ರಕರಣಗಳಲ್ಲಿ ಜಾಮೀನು ನಿಂತ. ಅವನು ಮಾಡಿದ್ದು ಇಷ್ಟೇ, ಅದೂ ಕಾನೂನು ಒಪ್ಪಿದ ಕೆಲಸ.

ಪ್ರಾಂತ್ಯದ ಪ್ರಧಾನಿ ಮೊರೀಸ್ ಡುಪ್ಲೆಸಿಗೆ ಇದು ಸಹಿಸಲಿಲ್ಲ. ಮದ್ಯ ಆಯೋಗದ ಮುಖ್ಯಸ್ಥ ಈ ವಿಷಯವಾಗಿ ಅವರಿಗೆ ಫೋನ್ ಮಾಡಿದ. ಲೈಸೆನ್ಸ್ ರದ್ದು ಮಾಡು ಅನ್ನುವ ಮಾತು ಆ ಕಡೆಯಿಂದ ಬಂತು. ಡಿಸೆಂಬರ್ 4ರಂದು ಲೈಸೆನ್ಸ್ ರದ್ದಾಯಿತು, ರೆಸ್ಟೋರೆಂಟಿನಲ್ಲಿ ಇದ್ದ ಮದ್ಯದ ದಾಸ್ತಾನು ಜಪ್ತಿಯಾಯಿತು. ಈತನಿಗೆ ಇನ್ನು ಮುಂದೆ ಎಂದೂ ಲೈಸೆನ್ಸ್ ಸಿಗುವುದಿಲ್ಲ ಎಂದು ಪ್ರಧಾನಿಯೇ ಪತ್ರಕರ್ತರ ಮುಂದೆ ಹೇಳಿದರು. ಸುಮಾರು ಆರು ತಿಂಗಳಲ್ಲಿ ರಾಂಕರೆಲಿ ರೆಸ್ಟೋರೆಂಟ್ ಮುಚ್ಚಬೇಕಾಯಿತು.

ಅವನು ಮದ್ಯಕ್ಕೆ ನೀರು ಬೆರೆಸಿರಲಿಲ್ಲ. ಹೊತ್ತು ಮೀರಿ ಮಾರಿರಲಿಲ್ಲ. ಲೈಸೆನ್ಸಿನ ಯಾವ ಷರತ್ತನ್ನೂ ಮುರಿದಿರಲಿಲ್ಲ. ಜಾಮೀನಿಗೂ ಮದ್ಯದ ಲೈಸೆನ್ಸಿಗೂ ಏನು ಸಂಬಂಧ? ಕೆನಡಾದ ಸುಪ್ರೀಂ ಕೋರ್ಟ್ ಕೇಳಿದ್ದು ಇದೇ ಪ್ರಶ್ನೆ. ಆದರೆ ಆ ಪ್ರಶ್ನೆ ಕೇಳಿ ತೀರ್ಪು ಕೊಡುವ ಹೊತ್ತಿಗೆ 1959ರ ಜನವರಿ 27 ಆಗಿತ್ತು. ಹನ್ನೆರಡು ವರ್ಷ! ಡುಪ್ಲೆಸಿ ತಮ್ಮ ಕೈಯಿಂದಲೇ 33,123 ಡಾಲರ್ ಮತ್ತು ಚಿಲ್ಲರೆ ಪರಿಹಾರ ಕೊಡಬೇಕು ಎಂದು ತೀರ್ಪು ಬಂತು. ಅಧಿಕಾರಿಯ ವಿವೇಚನೆ ಅಂದರೆ ಅವನ ಮನಸ್ಸಿಗೆ ಬಂದ ಹಾಗೆ ಅಂತಲ್ಲ, ಕಾನೂನು ಯಾವ ಉದ್ದೇಶಕ್ಕೆ ಅಧಿಕಾರ ಕೊಟ್ಟಿದೆಯೋ ಆ ಉದ್ದೇಶಕ್ಕೇ ಅದನ್ನು ಬಳಸಬೇಕು ಎಂದು ನ್ಯಾಯಮೂರ್ತಿ ಐವನ್ ರ‍್ಯಾಂಡ್ ಬರೆದರು. ತೀರ್ಪು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಪಾಠವಾಗಿದೆ. ರೆಸ್ಟೋರೆಂಟ್ ಮಾತ್ರ ವಾಪಸು ಬರಲಿಲ್ಲ.

ಡುಪ್ಲೆಸಿ ತಾವು ಕೆಟ್ಟದ್ದು ಮಾಡುತ್ತಿದ್ದೇವೆ ಅಂದುಕೊಂಡಿರಲಿಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಿ. ಬಹುಸಂಖ್ಯಾತರ ಮನಸ್ಸಿಗೆ ಆದ ಗಾಯಕ್ಕೆ ಮದ್ದು ಹಚ್ಚುತ್ತಿದ್ದೇನೆ ಅಂತ ಅವರಿಗೆ ಖಾತ್ರಿಯಿತ್ತು. ನಿಮಗೂ ಹಾಗೇ ಖಾತ್ರಿ ಇರುತ್ತದೆ. ಅದಕ್ಕೇ ನನಗೆ ಹೆದರಿಕೆ. "ಅಸಹ್ಯವಾದ ಅಭಿಪ್ರಾಯ" ಯಾವುದು ಅಂತ ತೀರ್ಮಾನಿಸುವ ಹಕ್ಕನ್ನು ಕುರ್ಚಿಗೆ ಕೊಟ್ಟರೆ, ಆ ಕುರ್ಚಿಯಲ್ಲಿ ಕೂತವರಿಗೆ ಯಾವುದು ಅಸಹ್ಯವೋ ಅದೇ ಅಸಹ್ಯ ಆಗುತ್ತದೆ. ಹೆಚ್ಚಿನ ಸಲ ಅದು ಸಣ್ಣ ಗುಂಪಿನವರ ನಂಬಿಕೆಯೇ ಆಗಿರುತ್ತದೆ.

ಈಗ ನಿಮ್ಮ ಕಡೆಯ ಮಾತಿಗೆ ಬರುತ್ತೇನೆ. "ಹಾಗಾದರೆ ಮಾಲೀಕ ಜನರನ್ನು ಬಾಗಿಲಲ್ಲೇ ತಡೆದರೂ ಸುಮ್ನೆ ಕೂರಬೇಕಾ?" ಅಂತ ಕೇಳುತ್ತೀರಿ. ಖಂಡಿತ ಕೂರಬಾರದು. ಅಲ್ಲಿ ನಿಮ್ಮ ಕೈ ಗಟ್ಟಿಯಾಗಿರಬೇಕು. ಒಬ್ಬನೇ ಮಾಲೀಕನ ಬದುಕಿನಲ್ಲಿ ಈ ಎರಡೂ ಸಂಗತಿ ನಡೆದ ಕಥೆಯೊಂದಿದೆ, ಕೇಳಿ.

ಮೊರೀಸ್ ಬೆಸಿಂಜರ್ ಅಮೆರಿಕದ ಸೌತ್ ಕ್ಯಾರೊಲೈನಾದಲ್ಲಿ ಪಿಗ್ಗಿ ಪಾರ್ಕ್ ಎಂಬ ಹೆಸರಿನ ಡ್ರೈವ್-ಇನ್ ರೆಸ್ಟೋರೆಂಟುಗಳನ್ನು ನಡೆಸುತ್ತಿದ್ದ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂತು. ಬಣ್ಣ ನೋಡಿ ಗಿರಾಕಿಗಳನ್ನು ತಿರಸ್ಕರಿಸುವ ಹಾಗಿಲ್ಲ ಎಂದಾಯಿತು. ಅದೇ ವರ್ಷ ಆನ್ ನ್ಯೂಮನ್ ಎಂಬ ಕಪ್ಪು ಮಹಿಳೆ ಅವನ ಒಂದು ಮಳಿಗೆಗೆ ಕಾರಿನಲ್ಲಿ ಬಂದರು. ಆರ್ಡರ್ ತೆಗೆದುಕೊಳ್ಳಲು ಪರಿಚಾರಿಕೆ ಕಾರಿನ ಹತ್ತಿರ ಬಂದಳು. ಒಳಗಿರುವವರು ಯಾರು ಅಂತ ನೋಡಿದಳು. ಆರ್ಡರ್ ತೆಗೆದುಕೊಳ್ಳದೆ ಹಿಂದಿರುಗಿದಳು. ಬೇರೆ ಯಾರೂ ಆರ್ಡರ್ ತೆಗೆದುಕೊಳ್ಳಲಿಲ್ಲ. ಕಪ್ಪು ಜನ ಅಡುಗೆಮನೆಯ ಕಿಟಕಿಯ ಬಳಿ ಹೋಗಿ ಪಾರ್ಸೆಲ್ ತೆಗೆದುಕೊಂಡು ಹೋಗಬಹುದಿತ್ತು, ಅಲ್ಲಿ ಕೂತು ತಿನ್ನುವ ಹಾಗಿರಲಿಲ್ಲ.

ಆನ್ ನ್ಯೂಮನ್ ಕೋರ್ಟಿಗೆ ಹೋದರು. ಬೇರೆ ಬಣ್ಣದವರನ್ನು ಬೆರೆಸುವುದು ನನ್ನ ಧರ್ಮಕ್ಕೆ ವಿರುದ್ಧ ಎಂದು ಬೆಸಿಂಜರ್ ವಾದಿಸಿದ. ನಂಬಿಕೆ ನಿನ್ನದು ಇರಲಿ, ಇನ್ನೊಬ್ಬರ ಹಕ್ಕನ್ನು ತುಳಿದು ಅದನ್ನು ನಡೆಸಲು ಬಿಡುವುದಿಲ್ಲ ಎನ್ನುವ ಅರ್ಥದಲ್ಲಿ ಕೋರ್ಟು ಹೇಳಿತು. 1968ರಲ್ಲಿ ಸುಪ್ರೀಂ ಕೋರ್ಟ್ ವರೆಗೂ ಹೋದ ಪ್ರಕರಣದಲ್ಲಿ ಅವನ ವಾದಕ್ಕೆ ಕವಡೆ ಕಾಸಿನ ಬೆಲೆ ಸಿಗಲಿಲ್ಲ. ಅಷ್ಟೇ ಅಲ್ಲ, ಇಂಥ ಪ್ರಕರಣ ಗೆದ್ದವರಿಗೆ ವಕೀಲರ ಖರ್ಚೂ ಸಾಮಾನ್ಯವಾಗಿ ಸಿಗಬೇಕು ಎಂದು ಕೋರ್ಟು ಹೇಳಿತು. ಆನ್ ನ್ಯೂಮನ್ ಅವರಂಥ ಎಷ್ಟೋ ಜನರಿಗೆ ಇದರಿಂದ ದಾರಿ ಆಯಿತು. ಕಾನೂನು ಕೆಲಸ ಮಾಡಬೇಕಾದದ್ದು ಹೀಗೆ. ಮಾಲೀಕ ಮಾಡಿದ ಕೆಲಸ ಏನು, ಅದಕ್ಕೆ ಸಾಕ್ಷಿ ಏನು, ಯಾವ ನಿಯಮ ಮುರಿದ ಅಂತ ನೋಡಿತು. ಎಲ್ಲರನ್ನೂ ಒಂದೇ ರೀತಿ ಕಾಣು ಅಂತ ಕಟ್ಟಪ್ಪಣೆ ಮಾಡಿತು.

ಬೆಸಿಂಜರ್ ಬಾಗಿಲು ತೆರೆದ, ಮನಸ್ಸು ತೆರೆಯಲಿಲ್ಲ. 2000ನೇ ಇಸವಿಯಲ್ಲಿ ರಾಜ್ಯದ ಶಾಸನಸಭೆಯ ಗುಮ್ಮಟದಿಂದ ಕಾನ್ಫೆಡರೇಟ್ ಬಾವುಟ (ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಬಾವುಟ) ಇಳಿಸಿದಾಗ, ಅವನು ತನ್ನ ಮಳಿಗೆಗಳ ಮೇಲೆ ಅದೇ ಬಾವುಟ ಹಾರಿಸಿದ. ಗುಲಾಮಗಿರಿಯನ್ನು ಸಮರ್ಥಿಸುವ ಪುಸ್ತಿಕೆಗಳನ್ನು ಅಂಗಡಿಯಲ್ಲೇ ಇಟ್ಟಿದ್ದ. ಓದಿದರೆ ಹೊಟ್ಟೆ ತೊಳಸುವಂಥ ಮಾತುಗಳು. ಆಗ ಏನಾಯಿತು? ವಾಲ್‌ಮಾರ್ಟ್ ಸೇರಿದಂತೆ ದೊಡ್ಡ ದೊಡ್ಡ ಸರಣಿ ಮಳಿಗೆಗಳು ಅವನ ಸಾಸ್ ಬಾಟಲಿಗಳನ್ನು ಕಪಾಟಿನಿಂದ ತೆಗೆದುಹಾಕಿದವು. ಗಿರಾಕಿಗಳು ದೂರವಾದರು. ಸರ್ಕಾರ ಲೈಸೆನ್ಸ್ ಮುಟ್ಟಬೇಕಾಗಿ ಬರಲಿಲ್ಲ. 2014ರಲ್ಲಿ ಅವನು ತೀರಿಕೊಂಡ. ಅದಕ್ಕೂ ಮೊದಲೇ ವ್ಯಾಪಾರ ವಹಿಸಿಕೊಂಡ ಮಕ್ಕಳು ಬಾವುಟಗಳನ್ನು ಕೆಳಗಿಳಿಸಿದ್ದರು.

1964ರಲ್ಲಿ ಆನ್ ನ್ಯೂಮನ್ ಅವರಿಗೆ ಬೇಕಿದ್ದದ್ದು ಕಾನೂನಿನ ಬಲ. ಜನರ ಬಹಿಷ್ಕಾರ ಅಂತ ಕಾಯುತ್ತಾ ಕೂತಿದ್ದರೆ ಅವರಿಗೆ ನ್ಯಾಯ ಸಿಗುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ತಿನ್ನಲು ಹೋಗುತ್ತಿದ್ದ ಬಿಳಿ ಗಿರಾಕಿಗಳಿಗೆ ಅದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ. 2000ದಲ್ಲಿ ಬೇಕಿದ್ದದ್ದು ಜನರ ತಿರಸ್ಕಾರ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಅಂದಹಾಗೆ ಚಿಕ್-ಫಿಲ್-ಎ ಕಥೆಯೂ 2012ಕ್ಕೆ ಮುಗಿಯಲಿಲ್ಲ. ವರ್ಷಗಟ್ಟಲೆ ಗಿರಾಕಿಗಳು, ಹೋರಾಟಗಾರರು ಬಿಡದೆ ಒತ್ತಡ ಹಾಕಿದರು. 2019ರ ನವೆಂಬರ್‌ನಲ್ಲಿ ಕಂಪನಿಯ ಪ್ರತಿಷ್ಠಾನ ತನ್ನ ದಾನದ ದಿಕ್ಕನ್ನೇ ಬದಲಿಸುವುದಾಗಿ ಹೇಳಿತು. ಶಿಕ್ಷಣ, ಮನೆಯಿಲ್ಲದವರು, ಹಸಿವು, ಈ ಮೂರಕ್ಕೆ ಹಣ ಎಂದಿತು. ಮೇಯರ್‌ನ ಬೆದರಿಕೆ ಕಂಪನಿಗೆ ಗಿರಾಕಿಗಳನ್ನು ತಂದುಕೊಟ್ಟಿತ್ತು. ಜನರ ಒತ್ತಡ ಅದರ ಚೆಕ್‌ಬುಕ್‌ವರೆಗೂ ಹೋಯಿತು.

ಇನ್ನೊಂದು ವಿಷಯ ನಿಮ್ಮ ಹತ್ತಿರ ಬಿಚ್ಚುಮಾತಿನಲ್ಲಿ ಹೇಳಬೇಕು. ಇವತ್ತಿನ ದಿನದಲ್ಲಿ "ನಿನ್ನ ಅಭಿಪ್ರಾಯಕ್ಕಾಗಿ ಲೈಸೆನ್ಸ್ ರದ್ದು" ಅಂತ ಯಾರೂ ಬರೆದು ಕೊಡುವುದಿಲ್ಲ. ಡುಪ್ಲೆಸಿ ಬಾಯಿಬಿಟ್ಟು ಹೇಳಿದ್ದರಿಂದ ಸಿಕ್ಕಿಬಿದ್ದರು. ಈಗಿನ ದಾರಿ ಬೇರೆ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದೇ ಇಲ್ಲ. ಕೇಳಿದರೆ "ಸಾಹೇಬರು ರಜೆಯಲ್ಲಿದ್ದಾರೆ" ಅನ್ನುತ್ತಾರೆ. ಕೊಟ್ಟ ದಾಖಲೆಯನ್ನೇ ಮತ್ತೆ ಕೊಡಿ ಅನ್ನುತ್ತಾರೆ. ಹತ್ತು ವರ್ಷದಿಂದ ಕಣ್ಣಿಗೆ ಬೀಳದ ಮೆಟ್ಟಿಲಿನ ಅಗಲ ಒಂದು ಬೆಳಗ್ಗೆ ದಿಢೀರ್ ಅಂತ ಕಾಣುತ್ತದೆ. ಬೆಂಕಿ ಸುರಕ್ಷತೆಯವರು, ಆರೋಗ್ಯ ಇಲಾಖೆಯವರು, ತೆರಿಗೆಯವರು, ಒಂದೇ ವಾರದಲ್ಲಿ ಎಲ್ಲರಿಗೂ ಅದೇ ವಿಳಾಸ ನೆನಪಾಗುತ್ತದೆ. ಪ್ರತಿಯೊಂದು ಕಾಗದದ ಮೇಲೂ ನಿಯಮದ ಸಂಖ್ಯೆ ಸರಿಯಾಗೇ ಇರುತ್ತದೆ. ಆ ವಾರವೇ ಯಾಕೆ ಬಂದಿರಿ ಅನ್ನುವುದಕ್ಕೆ ಮಾತ್ರ ಯಾವ ಕಾಗದದಲ್ಲೂ ಉತ್ತರ ಇರುವುದಿಲ್ಲ.

2020ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ನಟಿ ಕಂಗನಾ ರನೌತ್ ಮುಂಬೈ ಬಗ್ಗೆ, ಆಗಿನ ರಾಜ್ಯ ಸರ್ಕಾರದ ಬಗ್ಗೆ ಆಡಿದ ಮಾತುಗಳು ಬಹಳ ಜನರನ್ನು ಕೆರಳಿಸಿದ್ದವು. ಅಕ್ರಮ ಕಟ್ಟಡ ಎಂದು ಪಾಲಿಕೆ ಅವರ ಕಚೇರಿಗೆ 24 ಗಂಟೆಯ ನೋಟಿಸ್ ಅಂಟಿಸಿ, 9ನೇ ತಾರೀಕು ಒಂದಷ್ಟು ಭಾಗ ಕೆಡವಿತು. ನವೆಂಬರ್ 27ರಂದು ಬಾಂಬೆ ಹೈಕೋರ್ಟ್ ಆ ನೋಟಿಸನ್ನು ರದ್ದು ಮಾಡಿತು. ಇದರಲ್ಲಿ ದುರುದ್ದೇಶ ಇದೆ ಎಂದಿತು, ನಷ್ಟ ಅಂದಾಜು ಮಾಡಲು ಒಬ್ಬ ಮೌಲ್ಯಮಾಪಕರನ್ನು ನೇಮಿಸಿತು. ಅದೇ ತೀರ್ಪಿನಲ್ಲಿ, ಮಾತಿನ ಮೇಲೆ ಹಿಡಿತ ಇರಲಿ ಎಂದು ನಟಿಗೂ ಕಿವಿಮಾತು ಹೇಳಿತು. ಆ ಮಾತುಗಳನ್ನು ನ್ಯಾಯಾಲಯ ಒಪ್ಪಲಿಲ್ಲ, ಆದರೂ ಕಟ್ಟಡ ಕೆಡವಿದ್ದನ್ನು ಬಿಡಲಿಲ್ಲ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡುವುದು ಸಾಧ್ಯ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಇಂಥ ಶಿಕ್ಷೆ ಮಾಲೀಕನಿಗೆ ಎಷ್ಟು ತಟ್ಟುತ್ತದೆ ಅನ್ನುವುದನ್ನೂ ಯೋಚಿಸಿ. ನೂರಾರು ಮಳಿಗೆ ಇರುವವನಿಗೆ ಒಂದು ಮಳಿಗೆ ಹೋದರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಹೋಗುತ್ತದೆ. ಅಲ್ಲಿ ಪಾತ್ರೆ ತೊಳೆಯುವವನಿಗೆ, ಗಲ್ಲಾದಲ್ಲಿ ಕೂರುವವಳಿಗೆ ತಿಂಗಳ ಸಂಬಳ ಹೋಗುತ್ತದೆ. ಅವರಲ್ಲಿ ಎಷ್ಟೋ ಜನ ಮಾಲೀಕನ ಮಾತನ್ನು ಒಪ್ಪದವರೇ ಇರುತ್ತಾರೆ. ಆ ಮಾತಿಗೆ ಗುರಿಯಾದ ಸಮುದಾಯದವರೇ ಅಲ್ಲಿ ದುಡಿಯುತ್ತಿರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತದೆ. "ಬಹಿಷ್ಕಾರದಲ್ಲೂ ಹಾಗೇ ಆಗಲ್ವಾ?" ಅಂತ ನೀವು ಕೇಳಬಹುದು. ಆಗುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ನಾನು ಹೋಗದಿದ್ದರೂ ಪಕ್ಕದ ಮನೆಯವರು ಹೋಗಬಹುದು. ನಾಳೆ ನನ್ನ ಮನಸ್ಸು ಬದಲಾದರೆ ನಾನೂ ಹೋಗಬಹುದು. ನೀವು ಬೀಗ ಹಾಕಿದರೆ ಯಾರಿಗೂ ಆಯ್ಕೆ ಉಳಿಯುವುದಿಲ್ಲ.

ಸರ್ಕಾರವೇ ಗಿರಾಕಿಯಾದಾಗ ಪ್ರಶ್ನೆ ಸ್ವಲ್ಪ ಗಂಟಾಗುತ್ತದೆ. "ತೆರಿಗೆ ಹಣ ಇಂಥವನ ಜೇಬಿಗೆ ಯಾಕೆ ಹೋಗಬೇಕು" ಅನ್ನುವ ಮಾತಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಆದರೂ ಅಮೆರಿಕದ ಕ್ಯಾನ್ಸಸ್‌ನ ಕೀನ್ ಅಂಬೇರ್ ಪ್ರಕರಣ ನೋಡಿ. ಕೌಂಟಿಗಾಗಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕಸ ಸಾಗಿಸುವ ಗುತ್ತಿಗೆದಾರ. ಕೌಂಟಿ ಆಡಳಿತವನ್ನೇ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಬಿಡದೆ ಟೀಕಿಸುತ್ತಿದ್ದ. ಗುತ್ತಿಗೆ ಹೋಯಿತು. ಗುತ್ತಿಗೆದಾರರಿಗೂ ಮಾತಿನ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಆ ರಕ್ಷಣೆಗೆ ಮಿತಿ ಇಲ್ಲ ಅಂತಲ್ಲ, ಸರ್ಕಾರದ ಕೆಲಸಕ್ಕೆ ನಿಜವಾಗಿ ಅಡ್ಡಿಯಾಗುತ್ತದೆಯೇ ಅನ್ನುವುದನ್ನು ತೂಗಿ ನೋಡಬೇಕು ಎಂದೂ ಹೇಳಿತು. ನನಗೆ ಇದು ಸರಿ ಅನ್ನಿಸುತ್ತದೆ. ಟೆಂಡರಿನಲ್ಲಿ ಕೆಲಸದ ಷರತ್ತು ಹಾಕಿ, ಎಷ್ಟು ಬೇಕಾದರೂ ಬಿಗಿಯಾಗಿ ಹಾಕಿ. ಯಾರಿಗೂ ಭೇದ ಮಾಡಬಾರದು, ದೂರು ಬಂದರೆ ಇಂತಿಷ್ಟು ದಿನದಲ್ಲಿ ವಿಚಾರಣೆ ಆಗಬೇಕು, ತಪ್ಪಿದರೆ ದಂಡ, ಇದೆಲ್ಲ ಇರಲಿ. ಮಾಲೀಕ ಮನೆಯಲ್ಲಿ ಕೂತು ಏನು ನಂಬುತ್ತಾನೆ ಅನ್ನುವ ಕಾಲಂ ಮಾತ್ರ ಬೇಡ.

ನೀವೇ ಕೈ ಹಾಕದೆ ಬೇರೆಯವರ ಕೈಯಿಂದ ಮಾಡಿಸುವುದೂ ಬೇಡ. 2018ರಲ್ಲಿ ನ್ಯೂಯಾರ್ಕಿನ ಹಣಕಾಸು ನಿಯಂತ್ರಣ ಇಲಾಖೆಯ ಮುಖ್ಯಸ್ಥೆ, ಬಂದೂಕು ಪರ ಸಂಘಟನೆಯಾದ ಎನ್‌ಆರ್‌ಎ ಜತೆ ವ್ಯವಹಾರ ಕಡಿದುಕೊಳ್ಳಿ ಎಂದು ವಿಮಾ ಕಂಪನಿಗಳ ಮೇಲೆ ಒತ್ತಡ ಹಾಕಿದರು ಎಂಬ ಆರೋಪ ಬಂತು. 2024ರ ಮೇ 30ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಆರೋಪದಲ್ಲಿ ಹೇಳಿದಂತೆ ನಡೆದಿದ್ದರೆ ಅದು ಸಂವಿಧಾನಕ್ಕೆ ವಿರುದ್ಧ ಎಂದರು. ಎನ್‌ಆರ್‌ಎ ಪರವಾಗಿ ವಾದಿಸಿದವರು, ಅದರ ನಿಲುವುಗಳನ್ನು ಒಪ್ಪದ ಅದೇ ಎಸಿಎಲ್‌ಯು. ತಮಗೆ ಆಗದವರ ಪರವಾಗಿ ಹೀಗೆ ಮತ್ತೆ ಮತ್ತೆ ನಿಲ್ಲುವವರನ್ನು ಕಂಡರೆ ನನಗೆ ನಿಜಕ್ಕೂ ಗೌರವ.

ಅವರು ಯಾಕೆ ಹಾಗೆ ನಿಲ್ಲುತ್ತಾರೆ ಅನ್ನುವುದಕ್ಕೆ ಉತ್ತರ 2022ರಲ್ಲಿ ಫ್ಲಾರಿಡಾದಲ್ಲಿ ಸಿಕ್ಕಿತು. ಶಾಲೆಗಳಲ್ಲಿ ಲೈಂಗಿಕ ಒಲವು, ಲಿಂಗ ಗುರುತಿನ ಪಾಠಕ್ಕೆ ಮಿತಿ ಹಾಕುವ ಕಾನೂನನ್ನು ಡಿಸ್ನಿ ಕಂಪನಿ ವಿರೋಧಿಸಿತು. ಗವರ್ನರ್ ರಾನ್ ಡಿಸ್ಯಾಂಟಿಸ್ ಮತ್ತು ಅವರ ಪಕ್ಷದವರಿಗೆ ಆ ಮಾತು ಹಿಡಿಸಲಿಲ್ಲ. 1967ರಿಂದ ಕಂಪನಿಗೆ ಇದ್ದ ವಿಶೇಷ ಆಡಳಿತ ಪ್ರದೇಶದ ಸೌಲಭ್ಯಕ್ಕೆ ಕೈ ಹಾಕಿದರು. ಮರುವರ್ಷ ಅದರ ಮಂಡಳಿ ಗವರ್ನರ್ ನೇಮಿಸಿದವರ ಕೈಗೆ ಹೋಯಿತು. ಆ ಸೌಲಭ್ಯ ಇರಬೇಕಿತ್ತೇ ಇಲ್ಲವೇ ಅನ್ನುವುದು ಬೇರೆ ಚರ್ಚೆ, ಬೇಡ ಅನ್ನಲು ಒಳ್ಳೆಯ ಕಾರಣಗಳೂ ಇರಬಹುದು. ಅದು ಬೇಡ ಅಂತ ಅನ್ನಿಸಿದ್ದು ಕಂಪನಿ ಬಾಯಿಬಿಟ್ಟ ಮೇಲೆಯೇ ಅನ್ನುವುದು ನನ್ನ ಆಕ್ಷೇಪ. 2012ರಲ್ಲಿ ಚಿಕ್-ಫಿಲ್-ಎ ತಡೆಯಬೇಕು ಅಂದವರಿಗೆ ಇಲ್ಲಿ ಡಿಸ್ನಿಯ ಮಾತು ಇಷ್ಟವಾಗಿರಬಹುದು. ಆದರೆ ಅಂದು ಲೈಸೆನ್ಸ್ ಕೊಡಬೇಡಿ ಅಂದಿದ್ದವರು ಇಂದು ಯಾವ ಬಾಯಲ್ಲಿ ಇದು ಅನ್ಯಾಯ ಅನ್ನುವುದು?

ನಿಮ್ಮ ಪಕ್ಷ ಯಾವುದು ಅಂತ ನಾನು ಕೇಳುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಆ ಕುರ್ಚಿಗೆ ಬರುವವರಿಗೆ ನೀವು ಏನು ಬಿಟ್ಟು ಹೋಗುತ್ತೀರಿ ಅಂತ ಮಾತ್ರ ಕೇಳುತ್ತೇನೆ.

ಹಾಗಂತ ಬಾಯಿ ಮುಚ್ಚಿಕೊಂಡು ಇರಿ ಅಂತ ಹೇಳುತ್ತಿಲ್ಲ. ನೀವು ಖಂಡಿಸಿದರೆ ನೊಂದವರಿಗೆ ಧೈರ್ಯ ಬರುತ್ತದೆ, ಅದು ಸಣ್ಣ ವಿಷಯವಲ್ಲ. ಅವರ ಜತೆ ಹೋಗಿ ಕೂರಿ. ಅವರ ಸಭೆಗೆ ಬನ್ನಿ. ಆ ಮಾಲೀಕ ಕರೆದ ಸಮಾರಂಭಕ್ಕೆ ಹೋಗಬೇಡಿ, ರಿಬ್ಬನ್ ಕತ್ತರಿಸಲು ನಿಮ್ಮ ಕೈ ಕೊಡಬೇಡಿ. ಭೇದಭಾವದ ವಿರುದ್ಧ ಕಾನೂನು ದುರ್ಬಲವಾಗಿದ್ದರೆ ಗಟ್ಟಿ ಮಾಡಿ. ದೂರು ಕೊಡಲು ಬಂದವರನ್ನು ಹತ್ತು ಕಿಟಕಿ ಸುತ್ತಿಸಬೇಡಿ. ಗಿರಾಕಿಯನ್ನು ತಿರಸ್ಕರಿಸಿದ್ದಾನೆ, ಸಿಬ್ಬಂದಿಗೆ ಕಿರುಕುಳ ಕೊಟ್ಟಿದ್ದಾನೆ, ಒಂದೇ ಕೆಲಸಕ್ಕೆ ಕಡಿಮೆ ಸಂಬಳ ಕೊಟ್ಟಿದ್ದಾನೆ ಅಂತ ಸಾಕ್ಷಿ ಸಿಕ್ಕರೆ ಒಂದು ದಿನವೂ ತಡ ಮಾಡದೆ ಕ್ರಮ ತೆಗೆದುಕೊಳ್ಳಿ. ಅವನ ಮಾತು ಹಿಂಸೆಗೆ ಕುಮ್ಮಕ್ಕು ಕೊಡುವಷ್ಟು ದೂರ ಹೋಗಿದ್ದರೆ ಅವನ ಮೇಲೆ ಕೇಸು ಹಾಕಿ, ಅವನು ಕೋರ್ಟಿನಲ್ಲಿ ನಿಂತು ಉತ್ತರ ಕೊಡಲಿ. ಅದಕ್ಕೆ ವಕೀಲರಿದ್ದಾರೆ, ಸಾಕ್ಷಿ ಇದೆ, ಮೇಲ್ಮನವಿ ಇದೆ. ಲೈಸೆನ್ಸ್ ವಿಭಾಗದ ಗುಮಾಸ್ತನ ಮೇಜಿನ ಮೇಲೆ ಇವು ಯಾವುವೂ ಇಲ್ಲ.

ನಿಮ್ಮ ಕಚೇರಿಯಲ್ಲಿ ಕೆಲವು ವಿಷಯ ಬದಲಾಗಬೇಕು ಅಂತ ಕೇಳಿಕೊಳ್ಳುತ್ತೇನೆ. ಲೈಸೆನ್ಸ್ ತಡೆದರೆ, ಯಾವ ನಿಯಮ, ಯಾವ ಸಾಕ್ಷಿ ಅಂತ ಬರಹದಲ್ಲಿ ಕೊಡಿ. ಅರ್ಜಿಗೆ ಗಡುವು ಇರಲಿ, ಗಡುವು ದಾಟಿದರೆ ಯಾಕೆ ದಾಟಿತು ಅಂತ ಅಧಿಕಾರಿ ಸಹಿ ಹಾಕಿ ಬರೆಯಲಿ. ದಿಢೀರ್ ತಪಾಸಣೆಗೆ ಯಾರು ಆದೇಶ ಕೊಟ್ಟರು ಅನ್ನುವುದು ದಾಖಲಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗಿನ ಅಧಿಕಾರಿಗೆ ಫೋನ್ ಮಾಡಿ "ಆ ಫೈಲ್ ಸ್ವಲ್ಪ ನೋಡ್ಕೊಳ್ಳಿ" ಅನ್ನುವ ಅಭ್ಯಾಸ ಬಿಡಿ. ಮಾಂಟ್ರಿಯಲ್‌ನಲ್ಲಿ ಒಂದು ಫೋನ್ ಕರೆ ಏನು ಮಾಡಿತು ಅಂತ ಮೇಲೆ ಬರೆದಿದ್ದೇನೆ. ಅಲ್ಲಿ ಕೋರ್ಟಿಗೆ ಅದು ಗೊತ್ತಾಯಿತು. ಗೊತ್ತಾಗದೇ ಹೋದ ಕರೆಗಳು ಎಷ್ಟಿವೆಯೋ.

ಈ ಹೊತ್ತಿಗೆ ನಿಮ್ಮ ಮೇಜಿನ ಮೇಲೆ ಅಂಥ ಒಬ್ಬ ಮಾಲೀಕನ ಅರ್ಜಿ ಇರಬಹುದು. ಬೇರೆ ಅರ್ಜಿಗಳನ್ನು ನೋಡುವ ಹಾಗೇ ಅದನ್ನೂ ನೋಡಿ. ನಿಯಮ ಮುರಿದಿದ್ದರೆ ಕಾರಣ ಬರೆದು ತಿರಸ್ಕರಿಸಿ. ಎಲ್ಲ ಸರಿ ಇದ್ದರೆ ಸಹಿ ಹಾಕಿ ಕಳಿಸಿ. ಆಮೇಲೆ ಹೊರಗೆ ಬಂದು ಅವನ ಮಾತನ್ನು ಜನರ ಮುಂದೆ ಖಂಡಿಸಿ. ಅಂಗಡಿ ಮುಂದೆ ಪ್ರತಿಭಟನೆ ಇದ್ದರೆ ತಿಳಿಸಿ, ನಾನೂ ಬರುತ್ತೇನೆ.

ವಂದನೆಗಳೊಂದಿಗೆ,
ಒಬ್ಬ ಮತದಾರ